ಯಾವ ಜಿರಳೆ ಹಾರುತ್ತೆ, ಯಾವುದು ಹಾರಲ್ಲ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಜಿರಳೆ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ ಅಂದರೆ ಬಹಳ ಜನರ ಮನೆಯಲ್ಲಿ ಅದು ಇದೆ ಅಂತಲೇ ಲೆಕ್ಕ. ನಾಚಿಕೆ ಪಡಬೇಡಿ, ನಮ್ಮ ಮನೆಯಲ್ಲೂ ಇದೆ.

ಜಿರಳೆ ಹಾರುತ್ತಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಜಿರಳೆ? ಪ್ರಪಂಚದಲ್ಲಿ ಇದುವರೆಗೆ ಗುರುತಿಸಿರುವ ಜಿರಳೆ ಜಾತಿಗಳು ಸುಮಾರು 4,500. ಅದರಲ್ಲಿ ಮನುಷ್ಯರ ಮನೆ, ಹೋಟೆಲು, ಮೋರಿಗಳ ಸಹವಾಸ ಮಾಡಿರುವುದು ಹೆಚ್ಚೆಂದರೆ 30. ಉಳಿದವು ಕಾಡಿನಲ್ಲಿ ಎಲೆ ಕೆಳಗೆ, ಕೊಳೆತ ಮರದೊಳಗೆ, ಮರಳಿನೊಳಗೆ, ಗುಹೆಗಳಲ್ಲಿ ತಮ್ಮ ಪಾಡಿಗೆ ತಾವು ಇವೆ. ನಮ್ಮ ಬೈಗುಳ ಎಲ್ಲ ಆ 30ಕ್ಕೆ ಸಲ್ಲಬೇಕಾದದ್ದು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಥರ ಸಿಗುತ್ತವೆ. ಒಂದು ದೊಡ್ಡದು. ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್ ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ, ತಲೆ ಮೇಲಿನ ಗುರಾಣಿಯ ಸುತ್ತ ಮಾಸಲು ಹಳದಿ ಅಂಚು. ಬಚ್ಚಲು, ಮೋರಿ, ಸಂಪು, ಚರಂಡಿ ಅದರ ಜಾಗ. ಇನ್ನೊಂದು ಸಣ್ಣದು. ಒಂದರಿಂದ ಒಂದೂವರೆ ಸೆಂಟಿಮೀಟರ್, ತಿಳಿ ಕಂದು, ತಲೆಯ ಹಿಂದೆ ಎರಡು ಕಪ್ಪು ಗೆರೆ. ಅದು ಅಡುಗೆಮನೆಯ ಗಿರಾಕಿ. ಮಿಕ್ಸಿ ಕೆಳಗೆ, ಫ್ರಿಜ್ಜಿನ ಮೋಟಾರಿನ ಹತ್ತಿರ, ಸಿಂಕಿನ ಕೆಳಗಿನ ಕಬೋರ್ಡಿನ ಸಂದಿಯಲ್ಲಿ ಇರುತ್ತೆ. ಬಹಳ ಜನ ಸಣ್ಣದನ್ನು ದೊಡ್ಡದರ ಮರಿ ಅಂದುಕೊಂಡಿದ್ದಾರೆ. ಅಲ್ಲ. ಎರಡೂ ಬೇರೆ ಬೇರೆ ಜಾತಿ. ದೊಡ್ಡದನ್ನು ಅಮೆರಿಕನ್ ಜಿರಳೆ ಅನ್ನುತ್ತಾರೆ, ಆದರೆ ಅದರ ಮೂಲ ಆಫ್ರಿಕಾ, ಹಡಗು ಹತ್ತಿ ಅಮೆರಿಕಕ್ಕೆ ಹೋಗಿದ್ದು. ಸಣ್ಣದು ಜರ್ಮನ್ ಜಿರಳೆ. ಅದರ ಮೂಲ ಎಲ್ಲಿಯದು ಅನ್ನೋದು ಇವತ್ತಿನ ಮಾತಿನ ಮುಖ್ಯ ಭಾಗ, ಆಮೇಲೆ ಬರುತ್ತೇನೆ.

ದೊಡ್ಡದು ಹಾರುತ್ತೆ. ಸಣ್ಣದು ಹಾರಲ್ಲ. ಆದರೆ ಎರಡಕ್ಕೂ ಪೂರ್ತಿ ಉದ್ದದ ರೆಕ್ಕೆ ಇವೆ. ಗಂಡಿಗೂ ಇವೆ, ಹೆಣ್ಣಿಗೂ ಇವೆ. ಹಾಗಾದರೆ ರೆಕ್ಕೆ ಇಟ್ಟುಕೊಂಡೂ ಅದು ಯಾಕೆ ಹಾರಲ್ಲ?

ಮೊದಲು ರೆಕ್ಕೆಯನ್ನೇ ನೋಡೋಣ. ಸತ್ತ ದೊಡ್ಡ ಜಿರಳೆ ಸಿಕ್ಕಾಗ, ಅಸಹ್ಯ ಪಡದೆ ಒಂದು ಬಿಳಿ ಕಾಗದದ ಮೇಲೆ ಬೋರಲು ಮಲಗಿಸಿ. ಮೇಲೆ ಕಾಣುವ ಕಂದು ಹಾಳೆ ಮುಂದಿನ ರೆಕ್ಕೆ. ಎರಡು ಇವೆ, ಎಡಗಡೆಯದು ಬಲಗಡೆಯದರ ಮೇಲೆ ಸ್ವಲ್ಪ ಏರಿ ಕೂತಿರುತ್ತೆ. ಸೂಜಿಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ. ತೊಗಲಿನ ಹಾಗೆ ಗಟ್ಟಿ, ಉದ್ದುದ್ದ ನರಗಳು. ಅದರ ಕೆಳಗೆ ಹಿಂದಿನ ರೆಕ್ಕೆ ಸಿಗುತ್ತೆ. ತೆಳ್ಳಗೆ, ಅರೆಪಾರದರ್ಶಕವಾಗಿ, ನಮ್ಮಜ್ಜಿಯ ಕಾಲದ ಮಡಚುವ ಬೀಸಣಿಗೆಯ ಥರ ನೆರಿಗೆ ನೆರಿಗೆಯಾಗಿ ಮಡಚಿಕೊಂಡಿರುತ್ತೆ. ಚಿಮಟದಲ್ಲಿ ಹಿಡಿದು ಎಳೆದರೆ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಬಿಟ್ಟರೆ ತಾನಾಗೇ ಅರ್ಧಕ್ಕರ್ಧ ಮಡಚಿಕೊಳ್ಳುತ್ತೆ. ಹಾರುವಾಗ ಹೆಚ್ಚಿನ ದುಡಿಮೆ ಈ ಹಿಂದಿನ ರೆಕ್ಕೆಯದೇ. ಮುಂದಿನದು ಕೂಡ ಬಡಿಯುತ್ತೆ, ಆದರೆ ಅದರ ಮುಖ್ಯ ಕೆಲಸ ಒಳಗಿನದನ್ನು ಕಾಪಾಡೋದು.

ಈ ಕಾಪಾಡುವ ಕೆಲಸ ಸಣ್ಣದಲ್ಲ. ಜಿರಳೆಯ ಬದುಕೇ ಸಂದಿಗೊಂದಿಗಳಲ್ಲಿ. 2016ರಲ್ಲಿ ಕೌಶಿಕ್ ಜಯರಾಮ್ ಮತ್ತು ರಾಬರ್ಟ್ ಫುಲ್ ಎಂಬ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದೊಡ್ಡ ಜಿರಳೆಯನ್ನು ಕಿರಿದಾದ ಸಂದಿಗಳಲ್ಲಿ ನುಗ್ಗಿಸಿ ನೋಡಿದರು. ನಿಂತಾಗ ಸುಮಾರು 12 ಮಿಲಿಮೀಟರ್ ಎತ್ತರವಿರುವ ಪ್ರಾಣಿ 3 ಮಿಲಿಮೀಟರ್ ಸಂದಿಯಲ್ಲಿ ತೂರಿಕೊಂಡು ಆ ಕಡೆಗೆ ಹೋಯಿತು. ತನ್ನ ತೂಕದ 900 ಪಟ್ಟು ಭಾರ ಹೇರಿದರೂ ಅದಕ್ಕೆ ಗಾಯವಾಗಲಿಲ್ಲ. ಹೀಗೆ ಮೈ ಉಜ್ಜಿಕೊಂಡು ನುಗ್ಗುವ ಪ್ರಾಣಿ ಏರೋಪ್ಲೇನ್ ಚಿಟ್ಟೆಯ ಹಾಗೆ ರೆಕ್ಕೆ ಅಗಲಿಸಿಕೊಂಡು ಓಡಾಡೋಕೆ ಆಗಲ್ಲ. ಮಡಚಿ, ಬೆನ್ನಿಗೆ ಚಪ್ಪಟೆಯಾಗಿ ಅಂಟಿಸಿಕೊಂಡು, ಮೇಲೆ ತೊಗಲು ಹೊದ್ದುಕೊಳ್ಳಬೇಕು.

ಇನ್ನೊಂದು ಮಾತು. ರೆಕ್ಕೆ ಬರುವುದು ಕೊನೆಯ ಸಲ ಪೊರೆ ಕಳಚಿದ ಮೇಲೆ. ಅಲ್ಲಿಯವರೆಗೆ ಮರಿಗೆ ಬೆನ್ನ ಮೇಲೆ ಮೊಳಕೆ ಥರದ ಗುರುತು ಮಾತ್ರ. ಹಾಗಾಗಿ ಹಾರುವ ಜಿರಳೆ ಯಾವಾಗಲೂ ಬೆಳೆದ ಜಿರಳೆಯೇ. ದೊಡ್ಡದು ಆ ಹಂತಕ್ಕೆ ಬರೋಕೆ ಒಂದು ವರ್ಷಕ್ಕೂ ಜಾಸ್ತಿ ತೆಗೆದುಕೊಳ್ಳಬಹುದು. ಕೆಲವೊಮ್ಮೆ ಬಚ್ಚಲಲ್ಲಿ ಹಾಲಿನಷ್ಟು ಬೆಳ್ಳಗಿನ ಜಿರಳೆ ಕಂಡು ಹೆದರಿದವರು ಇದ್ದೀರಾ? ಅದು ಹೊಸ ಜಾತಿ ಅಲ್ಲ. ಆಗಷ್ಟೇ ಪೊರೆ ಬಿಟ್ಟು ಹೊರಬಂದಿರೋದು. ಕೆಲವು ಗಂಟೆಗಳಲ್ಲಿ ಮೈ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತೆ.

ಈಗ ಹಾರಾಟಕ್ಕೆ ಬರೋಣ. ದೊಡ್ಡ ಜಿರಳೆ ಸೆಕೆಂಡಿಗೆ ಸುಮಾರು 25ರಿಂದ 30 ಸಲ ರೆಕ್ಕೆ ಬಡಿಯುತ್ತೆ. ಮನೆ ನೊಣ 200ರ ಆಸುಪಾಸು, ಸೊಳ್ಳೆ ಅದಕ್ಕಿಂತ ಎಷ್ಟೋ ಜಾಸ್ತಿ. ಈ ಲೆಕ್ಕದಲ್ಲಿ ಜಿರಳೆ ಬಹಳ ನಿಧಾನದ ಹಾರಾಟಗಾರ. ಹಾಗಾಗಿ ನಾವು ನೋಡುವುದು ಹೆಚ್ಚಾಗಿ ಎತ್ತರದಿಂದ ತಗ್ಗಿಗೆ ತೇಲಿಕೊಂಡು ಬರುವ ಆಟ. ಅಟ್ಟದಿಂದ ನೆಲಕ್ಕೆ, ಪರದೆಯ ತುದಿಯಿಂದ ಸೋಫಾಗೆ. ನೆಲದಿಂದ ನೇರ ಮೇಲೇರಿ, ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿ, ಇಷ್ಟಪಟ್ಟ ಜಾಗದಲ್ಲಿ ಇಳಿಯೋ ಕಸರತ್ತೆಲ್ಲ ಅದಕ್ಕೆ ಕಷ್ಟ.

ಹಾರಾಟ ಹೇಗೆ ಶುರುವಾಗುತ್ತೆ ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ. ಜಿರಳೆಯ ಹಿಂಭಾಗದಲ್ಲಿ ಎರಡು ಚಿಕ್ಕ ಕಡ್ಡಿಗಳು ಚಾಚಿಕೊಂಡಿರುತ್ತವೆ. ಅದರ ತುಂಬಾ ಸೂಕ್ಷ್ಮ ಕೂದಲು. ನೀವು ಚಪ್ಪಲಿ ಎತ್ತಿ ಬೀಸಿದಾಗ ಚಪ್ಪಲಿಗಿಂತ ಮುಂಚೆ ಗಾಳಿ ಹೋಗಿ ಆ ಕೂದಲನ್ನು ಅಲ್ಲಾಡಿಸುತ್ತೆ. ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಜಿರಳೆ ತಿರುಗಿ ಓಟ ಕಿತ್ತಿರುತ್ತೆ. ನಿಮ್ಮ ಏಟು ತಪ್ಪೋದು ಇದಕ್ಕೇ. ಕೂದಲಿನಿಂದ ಸುದ್ದಿ ಹೊತ್ತುಕೊಂಡು ಕಾಲಿನ ಕಡೆಗೆ ಹೋಗೋಕೆ ಮೈಯುದ್ದಕ್ಕೂ ಕೆಲವು ದಪ್ಪ ನರಗಳಿವೆ. 1980ರಲ್ಲಿ ರಾಯ್ ರಿಟ್ಜ್‌ಮನ್ ಮತ್ತು ಜೊತೆಗಾರರು ಇದೇ ದಪ್ಪ ನರಗಳು ಹಾರಾಟವನ್ನೂ ಚಾಲೂ ಮಾಡಬಲ್ಲವು ಅಂತ ತೋರಿಸಿದರು. ಓಡಬೇಕೋ ಹಾರಬೇಕೋ ಅನ್ನೋದನ್ನು ತೀರ್ಮಾನ ಮಾಡೋದು ಕಾಲು. ಪಾದ ನೆಲಕ್ಕೆ ತಾಕಿದ್ದರೆ ಗಾಳಿ ಬಿದ್ದ ತಕ್ಷಣ ಓಡುತ್ತೆ. ಪಾದಕ್ಕೆ ಆಸರೆ ತಪ್ಪಿದ್ದರೆ ಅದೇ ಗಾಳಿಗೆ ರೆಕ್ಕೆ ಬಿಚ್ಚುತ್ತೆ.

ಪ್ರಯೋಗಾಲಯದಲ್ಲಿ ಇದನ್ನು ತೋರಿಸುವುದು ಸುಲಭ. ಜಿರಳೆಯ ಬೆನ್ನಿನ ಗುರಾಣಿಗೆ ಮೇಣದಿಂದ ಒಂದು ಕಡ್ಡಿ ಅಂಟಿಸಿ, ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮೇಲೆತ್ತುತ್ತಾರೆ. ಆರು ಕಾಲೂ ಗಾಳಿಯಲ್ಲಿ. ಉಫ್ ಅಂತ ಊದಿದರೆ ರೆಕ್ಕೆ ಬಿಚ್ಚಿಕೊಂಡು ಬಡಿಯೋಕೆ ಶುರು. ಕಾಲುಗಳನ್ನೆಲ್ಲ ಮೈಗೆ ಒತ್ತಿಕೊಳ್ಳುತ್ತೆ. ಆಗ ಒಂದು ಸಣ್ಣ ಕಾಗದದ ಉಂಡೆಯನ್ನು ಕಾಲಿನ ಹತ್ತಿರ ತನ್ನಿ. ಕಾಲು ತಾಕಿದ್ದೇ ತಡ, ಉಂಡೆಯನ್ನು ತಬ್ಬಿಕೊಳ್ಳುತ್ತೆ, ರೆಕ್ಕೆ ಪಟ್ಟನೆ ನಿಲ್ಲುತ್ತೆ. ಉಂಡೆ ತೆಗೆದರೆ ಮತ್ತೆ ಬಡಿತ. ಜಿರಳೆಯ ಮಟ್ಟಿಗೆ ಹಾರಾಟ ಅನ್ನೋದು ನೆಲ ಕೈಬಿಟ್ಟಾಗ ಮಾಡುವ ಏರ್ಪಾಡು. ನೆಲ ಇದ್ದರೆ ಓಟವೇ ಮೊದಲ ಆಯ್ಕೆ.

ಆ ಓಟ ಅಂತಿಂಥದ್ದಲ್ಲ. 1991ರಲ್ಲಿ ಇದೇ ಫುಲ್ ಮತ್ತು ಮೈಕೆಲ್ ಟು ಅಳೆದಾಗ ದೊಡ್ಡ ಜಿರಳೆ ಸೆಕೆಂಡಿಗೆ ಒಂದೂವರೆ ಮೀಟರ್ ಓಡಿತ್ತು. ಅಂದರೆ ಒಂದು ಸೆಕೆಂಡಿನಲ್ಲಿ ತನ್ನ ಮೈಯುದ್ದದ 50 ಪಟ್ಟು ದೂರ. ಆ ವೇಗದಲ್ಲಿ ಮುಂದಿನ ಕಾಲೆಲ್ಲ ನೆಲ ಬಿಟ್ಟು, ಹಿಂದಿನ ಎರಡೇ ಕಾಲಿನ ಮೇಲೆ ಓಡುತ್ತಿತ್ತು! ಇಷ್ಟು ಓಡಬಲ್ಲ ಪ್ರಾಣಿಗೆ ರೆಕ್ಕೆ ಬಿಚ್ಚುವ ಅಗತ್ಯ ಅಪರೂಪಕ್ಕೆ ಬೀಳುತ್ತೆ ಅಷ್ಟೇ.

ಹಾಗಾದರೆ ಏಪ್ರಿಲ್, ಮೇ ತಿಂಗಳಲ್ಲೇ ಯಾಕೆ ಜಾಸ್ತಿ ಹಾರುತ್ತವೆ? ಜಿರಳೆಯ ಮೈ ಬಿಸಿ ಸುತ್ತಲಿನ ಬಿಸಿಯನ್ನೇ ನಂಬಿಕೊಂಡಿದೆ. ತಣ್ಣಗಿರುವಾಗ ರೆಕ್ಕೆಯ ಸ್ನಾಯುಗಳಿಗೆ ಮೈಯನ್ನು ಎತ್ತುವಷ್ಟು ಕಸುವು ಇರಲ್ಲ. ಸೆಕೆ ರಾತ್ರಿಗಳಲ್ಲಿ ಅದು ಬರುತ್ತೆ. ಈ ಒಂದು ಜಾತಿಯ ಬಗ್ಗೆ ಬೇರೆ ಬೇರೆ ದೇಶದ ಜನ ಕೊಡುವ ಸಾಕ್ಷಿ ಬೇರೆ ಬೇರೆ ಆಗಿರುವುದೂ ಇದಕ್ಕೇ. ತಂಪು ದೇಶಗಳಲ್ಲಿ, ಕಟ್ಟಡಗಳ ನೆಲಮಾಳಿಗೆಯಲ್ಲಿ ಅದನ್ನು ನೋಡಿದವರು "ಅದು ಓಡುತ್ತೆ, ಹಾರಲ್ಲ" ಅನ್ನುತ್ತಾರೆ. ಫ್ಲಾರಿಡಾ, ಟೆಕ್ಸಾಸಿನವರು "ಹಾರಿಬಂದು ಮೈಮೇಲೆ ಕೂರುತ್ತೆ" ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಮಂಗಳೂರಿನವರ ಸಾಕ್ಷಿಯೂ ಮಡಿಕೇರಿಯವರ ಸಾಕ್ಷಿಯೂ ಒಂದೇ ಆಗಿರಬೇಕಿಲ್ಲ.

ಇನ್ನು ಗಂಡು ಹೆಣ್ಣಿನ ವಿಷಯ. ಎಷ್ಟೋ ಜಾತಿಗಳಲ್ಲಿ ಗಂಡು ಹಾರುತ್ತೆ, ಹೆಣ್ಣು ಹಾರಲ್ಲ. ಟಿವಿ ಹಿಂದೆ, ಗೋಡೆಯ ಚಿತ್ರಪಟದ ಹಿಂದೆ, ಒಣ ಜಾಗದಲ್ಲಿ ಇರುವ ಕಂದು ಪಟ್ಟೆ ಜಿರಳೆ ಅಂತ ಒಂದಿದೆ. ಗಾತ್ರದಲ್ಲಿ ಅಡುಗೆಮನೆಯ ಸಣ್ಣದರಷ್ಟೇ, ಮೈಮೇಲೆ ಅಡ್ಡಡ್ಡ ಎರಡು ತಿಳಿ ಪಟ್ಟೆ. ಅದರ ಗಂಡು ಚೆನ್ನಾಗಿ ಹಾರುತ್ತೆ. ಹೆಣ್ಣಿನ ರೆಕ್ಕೆ ಗಿಡ್ಡ, ಹಾರೋಕೆ ಬರಲ್ಲ. ಇಂಗ್ಲೆಂಡಿನ ಹಳೆ ಮನೆಗಳ ನೆಲಮಾಳಿಗೆಗಳಲ್ಲಿ ಸಿಗುವ ಕರಿ ಜಿರಳೆಯಲ್ಲಿ ಗಂಡಿಗೆ ಮುಕ್ಕಾಲು ರೆಕ್ಕೆ, ಹೆಣ್ಣಿಗೆ ಬರೀ ಮೊಟಕು. ಅಲ್ಲಿ ಇಬ್ಬರೂ ಹಾರಲ್ಲ. ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ಮರಳು ಜಿರಳೆ ಇದೆ. ಹೆಣ್ಣಿಗೆ ರೆಕ್ಕೆಯೇ ಇಲ್ಲ, ಬದುಕೆಲ್ಲ ಮರಳಿನ ಒಳಗೆ. ಗಂಡು ರಾತ್ರಿ ಹೊರಗೆ ಬಂದು ಹಾರಿ ದೀಪಕ್ಕೆ ಬೀಳುತ್ತೆ.

ಯಾಕೆ ಹೀಗೆ? ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ, ಅದೇ ಒಂದು ದೊಡ್ಡ ಭಾರ. ಜೊತೆಗೆ ಹೆಣ್ಣು ಇರುವ ಜಾಗದಲ್ಲೇ ಇದ್ದು ವಾಸನೆ ಬಿಡುತ್ತೆ, ಆ ವಾಸನೆ ಹಿಡಿದು ಹುಡುಕಿಕೊಂಡು ಹೋಗುವ ಪಾಡು ಗಂಡಿನದು. ಹುಡುಕುವವನಿಗೆ ರೆಕ್ಕೆ ಬೇಕು. ಇರುವ ಕಡೆಯೇ ಊಟ, ವಸತಿ ಎರಡೂ ಇದ್ದರೆ ಹೆಣ್ಣಿಗೆ ಬೇಡ. ರೆಕ್ಕೆ ಬೆಳೆಸೋಕೆ, ಅದನ್ನು ಬಡಿಯುವ ಸ್ನಾಯು ಸಾಕೋಕೆ ಖರ್ಚಿದೆ. ಆ ಖರ್ಚನ್ನು ಮೊಟ್ಟೆಗೆ ಹಾಕಿದರೆ ಮರಿ ಜಾಸ್ತಿ ಆಗುತ್ತವೆ.

ಈ ಲೆಕ್ಕ ಇಟ್ಟುಕೊಂಡು ನಮ್ಮ ಅಡುಗೆಮನೆಯ ಸಣ್ಣ ಜಿರಳೆಯ ಕಥೆಗೆ ಬರೋಣ.

1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನಿಯಸ್ ಇದಕ್ಕೆ ಜರ್ಮನಿಯ ಹೆಸರಿಟ್ಟ. ಆದರೆ ಯುರೋಪಿನ ಕಾಡಿನಲ್ಲಿ ಇದು ಎಲ್ಲೂ ಇಲ್ಲ. ಯುರೋಪು ಬಿಡಿ, ಪ್ರಪಂಚದ ಯಾವ ಕಾಡಿನಲ್ಲೂ ಇಲ್ಲ. ಇರೋದು ಮನುಷ್ಯ ಕಟ್ಟಿದ ಸೂರಿನ ಕೆಳಗೆ ಮಾತ್ರ. ಹಾಗಾದರೆ ಮನೆಗಳು ಬರುವ ಮುಂಚೆ ಇದು ಎಲ್ಲಿತ್ತು? ಈ ಪ್ರಶ್ನೆ ಎರಡೂವರೆ ಶತಮಾನ ಹಾಗೇ ಉಳಿದಿತ್ತು.

1981ರಲ್ಲಿ ಜಪಾನಿನ ಒಕಿನಾವಾ ದ್ವೀಪದಿಂದ ಒಂದು ಹೊಸ ಜಾತಿಯನ್ನು ವಿವರಿಸಿದರು. ನೋಡೋಕೆ ಥೇಟ್ ಜರ್ಮನ್ ಜಿರಳೆ. ಅದೇ ಬಣ್ಣ, ಅದೇ ಎರಡು ಕಪ್ಪು ಗೆರೆ. ರೆಕ್ಕೆ ಸ್ವಲ್ಪ ಉದ್ದ ಅಷ್ಟೇ. ಇದನ್ನು ಏಷ್ಯನ್ ಜಿರಳೆ ಅನ್ನುತ್ತಾರೆ. 1986ರಲ್ಲಿ ಅಮೆರಿಕದ ಫ್ಲಾರಿಡಾದ ಲೇಕ್‌ಲ್ಯಾಂಡ್ ಸುತ್ತಮುತ್ತ ಇದ್ದಕ್ಕಿದ್ದಂತೆ ಜಿರಳೆಗಳು ಸಂಜೆ ಹೊತ್ತು ಹಾರಿಬಂದು ಬೆಳಗುವ ಗೋಡೆಗಳಿಗೆ, ಟಿವಿ ಪರದೆಗೆ ಕೂರತೊಡಗಿದವು. ಜರ್ಮನ್ ಜಿರಳೆ ಹಾರೋದು ಯಾವಾಗ ಕಲಿಯಿತಪ್ಪಾ ಅಂತ ಜನ ಕಂಗಾಲಾದರು. ಪರೀಕ್ಷೆ ಮಾಡಿ ನೋಡಿದರೆ ಅದು ಈ ಏಷ್ಯನ್ ಜಿರಳೆ. ಮನೆಯೊಳಗೆ ಅದಕ್ಕೆ ಅಷ್ಟೇನೂ ಆಸಕ್ತಿ ಇಲ್ಲ. ಹುಲ್ಲು, ಉದುರಿದ ಎಲೆಯ ಕೆಳಗೆ ಇರುತ್ತೆ, ಸಂಜೆ ಆದಮೇಲೆ ದೀಪ ಕಂಡರೆ ಹಾರಿ ಬರುತ್ತೆ. ಮನೆಯ ಸಣ್ಣ ಜಿರಳೆ ದೀಪ ಹಾಕಿದರೆ ಓಡಿ ಬಚ್ಚಿಟ್ಟುಕೊಳ್ಳುತ್ತೆ. ಇದು ದೀಪ ಹಾಕಿದರೆ ಬರುತ್ತೆ. ಮುಂದೆ ಟೆಕ್ಸಾಸಿನ ಸೋಯಾ ಹೊಲಗಳಲ್ಲಿ ಈ ಏಷ್ಯನ್ ಜಿರಳೆ ಬೆಳೆ ತಿನ್ನುವ ಪತಂಗಗಳ ಮೊಟ್ಟೆಗಳನ್ನು ಮೆಲ್ಲುತ್ತಿರುವುದೂ ಕಂಡುಬಂತು. ರೈತನಿಗೆ ಉಪಕಾರ ಮಾಡುವ ಜಿರಳೆ ಅಂದರೆ ನಂಬೋಕೆ ಕಷ್ಟ, ಅಲ್ವಾ?

2024ರಲ್ಲಿ ಇವೆರಡರ ನಂಟು ಬಿಡಿಸಿದ ಅಧ್ಯಯನ ಪ್ರಕಟವಾಯಿತು. ಆರು ಖಂಡಗಳ 17 ದೇಶಗಳಿಂದ 281 ಜರ್ಮನ್ ಜಿರಳೆಗಳನ್ನು ತಂದು ಅವುಗಳ ಡಿಎನ್‌ಎ ಹೋಲಿಸಿ ನೋಡಿದರು. ಸುಮಾರು 2,100 ವರ್ಷಗಳ ಹಿಂದೆ ಏಷ್ಯನ್ ಜಿರಳೆಯಿಂದ ಇದು ಕವಲೊಡೆದಿತ್ತು. ಎಲ್ಲಿ? ಭಾರತದಲ್ಲಿ ಅಥವಾ ಮ್ಯಾನ್ಮಾರಿನಲ್ಲಿ. ಅಂದರೆ ಬಂಗಾಳ ಕೊಲ್ಲಿಯ ಈ ಸುತ್ತಿನಲ್ಲಿ ಎಲ್ಲೋ. ಜರ್ಮನಿಯ ಹೆಸರು ಹೊತ್ತ ಜಿರಳೆಯ ತವರು ನಮ್ಮ ಕಡೆಯೇ ಅಂತಾಯಿತು. ಹೆಮ್ಮೆ ಪಡಬೇಕೋ ಬೇಡವೋ ನೀವೇ ಯೋಚನೆ ಮಾಡಿ.

ಹೊಲ, ಊರು, ಕಣಜ ಬೆಳೆದಂತೆ ಎಲೆ ಕೆಳಗಿನ ಒಂದಷ್ಟು ಜಿರಳೆಗಳು ಮನೆಯೊಳಗೆ ಸೇರಿಕೊಂಡವು. ಒಳಗೆ ವರ್ಷವಿಡೀ ಬೆಚ್ಚಗೆ. ನೀರು, ಅನ್ನದ ಅಗಳು ಕೈಗೆಟಕುವ ದೂರದಲ್ಲಿ. ಹೆಣ್ಣು ಗಂಡು ಒಂದೇ ಸಂದಿಯಲ್ಲಿ ಒತ್ತೊತ್ತಾಗಿ. ಹುಡುಕಿಕೊಂಡು ಹಾರಿ ಹೋಗಬೇಕಾದ ಕೆಲಸವೇ ಇಲ್ಲ. ಮೇಲಾಗಿ, ದೀಪ ಕಂಡು ಹಾರಿ ಬರುವ ಜಿರಳೆ ಮನೆಯಲ್ಲಿ ಎಷ್ಟು ದಿನ ಬದುಕೀತು? ಎಣ್ಣೆ ದೀಪದ ಮುಂದೆ ಹಾರಾಡಿದ್ದಕ್ಕೆ ಪೊರಕೆ ಏಟು ಬಿದ್ದಿರುತ್ತೆ. ಕತ್ತಲಿಗೆ ಓಡಿದ್ದು ಉಳಿದಿರುತ್ತೆ. ಪೊರಕೆಯ ಮಾತು ನನ್ನ ಊಹೆ, ಅಧ್ಯಯನದವರು ಹೇಳಿದ್ದಲ್ಲ.

ಹೆಣ್ಣಿನ ಮೊಟ್ಟೆ ಚೀಲವನ್ನೂ ಗಮನಿಸಿ. ದೊಡ್ಡ ಜಿರಳೆಯ ಚೀಲದಲ್ಲಿ ಹದಿನಾಲ್ಕು ಹದಿನಾರು ಮೊಟ್ಟೆ, ಒಂದೆರಡು ದಿನದಲ್ಲಿ ಎಲ್ಲಾದರೂ ಅಂಟಿಸಿ ಹೋಗುತ್ತೆ. ಸಣ್ಣದರ ಚೀಲದಲ್ಲಿ 30ರಿಂದ 40 ಮೊಟ್ಟೆ. ಅದನ್ನು ಹಿಂಭಾಗಕ್ಕೆ ಕಚ್ಚಿಸಿಕೊಂಡು ಮರಿ ಹೊರಬರುವ ಹೊತ್ತಿನವರೆಗೆ, ಮೂರು ನಾಲ್ಕು ವಾರ, ಹೊತ್ತು ತಿರುಗುತ್ತೆ. ಇಷ್ಟು ಹೊರೆ ಹೊತ್ತು ಹಾರೋದು ಹೇಗೂ ಕಷ್ಟ. ಸಂದಿಯಲ್ಲಿ ಕೂತಿದ್ದರೆ ಕಷ್ಟವೇ ಇಲ್ಲ.

ಆದರೂ ರೆಕ್ಕೆ ಹೋಗಲಿಲ್ಲ. ಯಾಕೆ? ಒಂದು ಕಾರಣವನ್ನು ಅಡುಗೆಮನೆಯಲ್ಲೇ ನೋಡಬಹುದು, ತಾಳ್ಮೆ ಇದ್ದರೆ. ಗಂಡು, ಹೆಣ್ಣಿನ ಮೀಸೆಗೆ ತನ್ನ ಮೀಸೆ ತಾಗಿಸಿ ಕತ್ತಿವರಸೆ ಮಾಡುತ್ತೆ. ಆಮೇಲೆ ಹಿಂದಕ್ಕೆ ತಿರುಗಿ ನಿಂತು ನಾಲ್ಕೂ ರೆಕ್ಕೆಯನ್ನು ನೆಟ್ಟಗೆ ಮೇಲೆತ್ತುತ್ತೆ. ರೆಕ್ಕೆಯ ಕೆಳಗೆ, ಬೆನ್ನಿನ ಮೇಲೆ ಎರಡು ಗುಳಿಗಳಿವೆ. ಅದರಲ್ಲಿ ಸಿಹಿ ರಸ ಒಸರುತ್ತೆ. ಹೆಣ್ಣು ಬೆನ್ನೇರಿ ಅದನ್ನು ನೆಕ್ಕುತ್ತಿರುವಾಗ ಕೂಡಿಕೆ ನಡೆಯುತ್ತೆ. ರೆಕ್ಕೆ ಇಲ್ಲಿ ಆ ಸಿಹಿಯ ಮುಚ್ಚಳ. ಹಾರೋಕೆ ಬಾರದಿದ್ದರೂ ಗಂಡಿಗೆ ಅದು ಬೇಕು. ಜೊತೆಗೆ ಎತ್ತರದಿಂದ ಬಿದ್ದಾಗ ಬಿಚ್ಚಿ ಪಟಪಟಿಸಿ ಬೀಳುವ ರಭಸ ಕಮ್ಮಿ ಮಾಡಿಕೊಳ್ಳೋಕೂ ಆಗುತ್ತೆ. ಅದನ್ನು ನೋಡಿಯೇ ಕೆಲವರು "ಸಣ್ಣದೂ ಹಾರುತ್ತೆ" ಅನ್ನೋದು.

ಹಾರೋದನ್ನು ಬಿಟ್ಟ ಮೇಲೆ ಅದು ಪ್ರಪಂಚವನ್ನೆಲ್ಲ ಸುತ್ತಿತು. ಸುಮಾರು 1,200 ವರ್ಷಗಳ ಹಿಂದೆ ಪಶ್ಚಿಮಕ್ಕೆ, ಅರಬ್ ವ್ಯಾಪಾರ ಮತ್ತು ಸೈನ್ಯಗಳ ದಾರಿ ಹಿಡಿದು ಮಧ್ಯಪ್ರಾಚ್ಯಕ್ಕೆ. ಸುಮಾರು 390 ವರ್ಷಗಳ ಹಿಂದೆ ಪೂರ್ವಕ್ಕೆ, ಯುರೋಪಿನ ಕಂಪನಿಗಳ ಹಡಗುಗಳ ಜೊತೆ ಇಂಡೋನೇಷ್ಯಾದ ಕಡೆಗೆ. ಆಮೇಲೆ ಉಗಿ ಹಡಗು ಬಂತು, ಚಳಿ ದೇಶದ ಮನೆಗಳಿಗೆ ಬಿಸಿಯ ಏರ್ಪಾಡು ಬಂತು, ಅಲ್ಲಿಂದ ಅದಕ್ಕೆ ತಡೆಯೇ ಇರಲಿಲ್ಲ. ಚೆನ್ನಾಗಿ ಹಾರುವ ಏಷ್ಯನ್ ಜಿರಳೆ ಇನ್ನೂ ಕೆಲವೇ ಪ್ರದೇಶಗಳಲ್ಲಿದೆ. ಹಾರದ ಜರ್ಮನ್ ಜಿರಳೆ ಎಲ್ಲ ಕಡೆ ಇದೆ. ನನಗೆ ಇವತ್ತು ಹೇಳಬೇಕು ಅನ್ನಿಸಿದ್ದು ಇದೇ. ಹಾರಾಟ ಜಿರಳೆಗೆ ದೊಡ್ಡಸ್ತಿಕೆ ಅಲ್ಲ, ಇರುವ ಜಾಗ ಕೇಳಿದರೆ ಇಟ್ಟುಕೊಳ್ಳುತ್ತೆ, ಕೇಳದಿದ್ದರೆ ಬಿಡುತ್ತೆ.

ಮನೆಯಿಂದ ಆಚೆಗೆ ಹೋದರೆ ಇದಕ್ಕೆ ಇನ್ನೂ ವಿಚಿತ್ರವಾದ ಸಾಕ್ಷಿಗಳಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಎಂಟು ಸೆಂಟಿಮೀಟರ್ ಉದ್ದ, 30 ಗ್ರಾಂಗಿಂತ ಹೆಚ್ಚು ತೂಗುವ ಜಿರಳೆ ಇದೆ, ಅದೇ ಪ್ರಪಂಚದಲ್ಲಿ ಅತಿ ಭಾರದ್ದು. ನೆಲದಲ್ಲಿ ಬಿಲ ತೋಡಿ, ಒಣಗಿದ ನೀಲಗಿರಿ ಎಲೆ ತಿಂದುಕೊಂಡು ವರ್ಷಗಟ್ಟಲೆ ಬದುಕುತ್ತೆ. ರೆಕ್ಕೆಯ ಸುಳಿವೂ ಇಲ್ಲ. ಮಡಗಾಸ್ಕರಿನ ಬುಸುಗುಟ್ಟುವ ಜಿರಳೆಗೂ ಇಲ್ಲ. ಇನ್ನೊಂದು ತುದಿಯಲ್ಲಿ ದಕ್ಷಿಣ ಅಮೆರಿಕದ ಕಾಡಿನ ಒಂದು ಜಿರಳೆ ರೆಕ್ಕೆ ಅಗಲಿಸಿದರೆ 20 ಸೆಂಟಿಮೀಟರ್.

ಜಪಾನಿನ ದಕ್ಷಿಣದ ದ್ವೀಪಗಳಲ್ಲಿ ಕೊಳೆತ ಮರ ತಿನ್ನುವ ಒಂದು ಜಿರಳೆ ಇದೆ. ಬೆಳೆದ ಗಂಡು ಹೆಣ್ಣು ಹಾರಿ ಹೊಸ ಮರ ಹುಡುಕಿಕೊಂಡು ಹೋಗುತ್ತವೆ. ಜೋಡಿ ಸಿಕ್ಕಿದ ಮೇಲೆ ಒಂದರ ರೆಕ್ಕೆಯನ್ನು ಇನ್ನೊಂದು ತಿನ್ನುತ್ತೆ! ಒಬ್ಬರು ಬೆನ್ನೇರಿ ಮೆಲ್ಲುತ್ತಿದ್ದರೆ ಇನ್ನೊಬ್ಬರು ಸುಮ್ನೆ ನಿಂತಿರುತ್ತಾರೆ, ಆಮೇಲೆ ಅದಲು ಬದಲು. ಬುಡದವರೆಗೂ ಮುಗಿಸಿಬಿಡುತ್ತವೆ. ಕ್ಯೂಶೂ ವಿಶ್ವವಿದ್ಯಾಲಯದವರು 2021ರಲ್ಲಿ ಇದನ್ನು ವಿವರವಾಗಿ ಬರೆದರು. ಕೀಟಗಳಲ್ಲಿ ಕೂಡುವಾಗ ಒಂದನ್ನೊಂದು ತಿನ್ನುವುದು ಹೊಸದೇನಲ್ಲ, ಆದರೆ ಅದು ಒಂದೇ ಕಡೆಯಿಂದ, ಸಾಮಾನ್ಯವಾಗಿ ಹೆಣ್ಣಿನ ಕಡೆಯಿಂದ. ಇಲ್ಲಿ ಕೊಡುಕೊಳ್ಳುವಿಕೆ ಎರಡೂ ಕಡೆ. ಆಮೇಲೆ ಆ ಜೋಡಿ ಮರದೊಳಗೇ ಜೊತೆಯಾಗಿದ್ದು ಮರಿಗಳಿಗೆ ಬಾಯಿಂದ ಬಾಯಿಗೆ ಉಣಿಸಿ ಸಾಕುತ್ತವೆ. ಕಿರಿದಾದ ಸುರಂಗದಲ್ಲಿ ರೆಕ್ಕೆ ಅಡ್ಡಿ ಮಾತ್ರವಲ್ಲ, ಬೂಷ್ಟು, ನುಸಿಗಳಿಗೆ ಅಡಗುತಾಣ ಕೂಡ ಆಗಬಹುದು ಅನ್ನೋದು ಅವರ ಅಂದಾಜು.

ರೆಕ್ಕೆ ಇಲ್ಲದೆ ಹಾರುವ ಜಿರಳೆಯೂ ಇದೆ. ಎಲೆ ಕತ್ತರಿಸುವ ಇರುವೆಗಳ ಗೂಡಿನೊಳಗೆ ಬಾಡಿಗೆ ಕೊಡದೆ ವಾಸ ಮಾಡುವ ಮೂರು ಮಿಲಿಮೀಟರಿನ ಪುಟ್ಟ ಜಿರಳೆ. 1900ರಲ್ಲಿ ವೀಲರ್ ಎಂಬ ಇರುವೆ ತಜ್ಞ ಟೆಕ್ಸಾಸಿನಲ್ಲಿ ಮೊದಲು ಗುರುತಿಸಿದ. ಹೆಣ್ಣಿಗೆ ರೆಕ್ಕೆ ಇಲ್ಲ. ಇರುವೆಗಳ ಹೊಸ ರಾಣಿಯರು ಗೂಡು ಬಿಟ್ಟು ಹಾರುವ ದಿನ ಈ ಜಿರಳೆ ರಾಣಿಯ ಬೆನ್ನಿಗೆ ಅಂಟಿಕೊಂಡು ಕೂರುತ್ತೆ. ರಾಣಿ ಹಾರಿದರೆ ಇದೂ ಹಾರಿದ ಹಾಗೆಯೇ. ಟಿಕೆಟ್ಟಿಲ್ಲದ ಪ್ರಯಾಣ.

ನಮ್ಮ ಕಡೆಯದೂ ಒಂದು ಹೇಳಿಬಿಡುತ್ತೇನೆ. ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿ ಕಪ್ಪು ಮೈಮೇಲೆ ಏಳು ಬಿಳಿ ಚುಕ್ಕೆಯ ಜಿರಳೆ ಸಿಗುತ್ತೆ. ಮುಸ್ಸಂಜೆ ಹೊತ್ತು ಓಡಾಡುವುದನ್ನು ನೋಡಿದರೆ ಜಿರಳೆ ಅಂತ ಯಾರೂ ಹೇಳಲ್ಲ. ಲಿನಿಯಸ್ಸೇ 1758ರಲ್ಲಿ ಅದನ್ನು ಜೀರುಂಡೆಗಳ ಜೊತೆ ಸೇರಿಸಿದ್ದ. ಅದೇ ಜಾಗಗಳಲ್ಲಿ ಆರು ಬಿಳಿ ಚುಕ್ಕೆಯ ಕಪ್ಪು ನೆಲಜೀರುಂಡೆ ಇದೆ, ಕೆಣಕಿದರೆ ಉರಿಯುವ ಆಮ್ಲ ಚಿಮ್ಮಿಸುತ್ತೆ. ಜಿರಳೆಯ ಚುಕ್ಕೆ ಅದರ ವೇಷ. ಚುಕ್ಕೆ ಇರೋದು ರೆಕ್ಕೆಯ ಮೇಲೆ. ಅಲ್ಲಿಗೆ ರೆಕ್ಕೆಗೆ ಇನ್ನೊಂದು ಉಪಯೋಗ ಸಿಕ್ಕಿತು.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಕೇಳಿದರು: "ಅದೆಲ್ಲ ಸರಿ ಮೇಷ್ಟ್ರೇ, ಅದು ನನ್ನ ಮುಖಕ್ಕೇ ಯಾಕೆ ಬರುತ್ತೆ?"

ಅಮ್ಮಾ, ನಿಮ್ಮ ಮೇಲೆ ಅದಕ್ಕೆ ದ್ವೇಷ ಏನಿಲ್ಲ. ಅದು ಗೋಡೆಯ ಮೇಲೆ, ಎತ್ತರದಲ್ಲಿ ಇರುತ್ತೆ. ನೀವು ಪೊರಕೆ ಎತ್ತುತ್ತೀರಿ. ಗಾಳಿ ತಾಕುತ್ತೆ, ಕಾಲು ಗೋಡೆಯಿಂದ ಜಾರುತ್ತೆ. ಈಗ ಹೇಳಿದೆನಲ್ಲ, ಕಾಲು ತಪ್ಪಿದರೆ ರೆಕ್ಕೆ ಬಿಚ್ಚುತ್ತೆ ಅಂತ. ಬಿಚ್ಚಿದ ಮೇಲೆ ಅದಕ್ಕೆ ಚೆನ್ನಾಗಿ ತಿರುಗೋಕೆ ಬರಲ್ಲ, ಏರೋಕೆ ಬರಲ್ಲ, ಇಳಿಜಾರಿನಲ್ಲಿ ಬರುತ್ತೆ. ಆ ಇಳಿಜಾರಿನ ದಾರಿಯಲ್ಲಿ ನಿಂತಿರೋದು ನೀವು. ಪಕ್ಕಕ್ಕೆ ನಿಂತು ಹೊಡೆಯಿರಿ, ಎದುರಿಗೆ ನಿಲ್ಲಬೇಡಿ.

ಕಾಲೇಜು ಹುಡುಗನೊಬ್ಬ: "ಸರ್, ಜಿರಳೆ ಸಾವಿರಗಟ್ಟಲೆ ಒಟ್ಟಿಗೆ ಹಾರೋದು ಎಲ್ಲಾದರೂ ಇದೆಯಾ?"

ಇದೆ, ನೀನೂ ನೋಡಿದ್ದೀಯ. ಮೊದಲ ಮಳೆ ಬಿದ್ದ ಸಂಜೆ ಬೀದಿ ದೀಪಕ್ಕೆ ಮುತ್ತುವ ಮಳೆಹುಳು. ಅವು ರೆಕ್ಕೆ ಬಂದ ಗೆದ್ದಲು. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಡಿಎನ್‌ಎ ನೋಡಿ, ಗೆದ್ದಲು ಪ್ರತ್ಯೇಕ ಗಣವೇ ಅಲ್ಲ, ಜಿರಳೆಗಳ ವಂಶದ ಒಳಗೇ ಹುಟ್ಟಿದ ಒಂದು ಕವಲು ಅಂತ ತೋರಿಸಿದರು. ಅದರ ತೀರಾ ಹತ್ತಿರದ ನೆಂಟ ಮರ ತಿನ್ನುವ, ರೆಕ್ಕೆಯೇ ಇಲ್ಲದ ಒಂದು ಜಿರಳೆ. ಗೆದ್ದಲು ಬದುಕಿನಲ್ಲಿ ಒಂದೇ ಸಲ ಹಾರುತ್ತೆ, ಇಳಿದ ತಕ್ಷಣ ರೆಕ್ಕೆ ಕಳಚಿ ಬಿಸಾಕಿ ಜೋಡಿಯಾಗಿ ನೆಲ ಸೇರುತ್ತೆ. ಬೆಳಿಗ್ಗೆ ಬಾಗಿಲ ಹತ್ತಿರ ಗುಡಿಸುವ ರಾಶಿ ರಾಶಿ ರೆಕ್ಕೆ ಅದೇ. ಹಳ್ಳಿಗಳಲ್ಲಿ ಅದನ್ನು ಹುರಿದು ತಿನ್ನುವವರಿದ್ದಾರೆ, ಅವರಿಗೆ ಮಾತ್ರ ಈ ವಂಶಾವಳಿ ಹೇಳೋಕೆ ಹೋಗಬೇಡ.

ಇನ್ನೊಬ್ಬರು: "ಹಾರುವ ದೊಡ್ಡದನ್ನು ತಡೆಯೋಕೆ ಕಿಟಕಿಗೆ ಜಾಲರಿ ಹಾಕಿಸಿದರೆ ಸಾಕಾ?"

ಕಿಟಕಿಯಿಂದ ಬರುವುದು ನಿಲ್ಲುತ್ತೆ. ಆದರೆ ಅದು ಹೆಚ್ಚಾಗಿ ಬರುವುದು ಮೋರಿಯಿಂದ, ನಡೆದುಕೊಂಡು. ಬಚ್ಚಲಿನ ಮೋರಿಗೆ ಸಣ್ಣ ತೂತಿನ ಜಾಲರಿ ಹಾಕಿ. ಬಳಸದ ಬಚ್ಚಲಿದ್ದರೆ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿಯಿರಿ. ಪೈಪಿನ ಬಾಗಿನಲ್ಲಿ ನೀರು ಒಣಗಿದರೆ ಅದೇ ಅವುಗಳಿಗೆ ಹೆದ್ದಾರಿ.

ಕೊನೆಯದು, ಒಬ್ಬ ಹುಡುಗಿ ಕೇಳಿದ್ದು: "ಮನೆಯ ಸಣ್ಣ ಜಿರಳೆ ಮುಂದೆ ಮತ್ತೆ ಹಾರೋದು ಕಲಿಯಬಹುದಾ?"

ಒಳ್ಳೇ ಪ್ರಶ್ನೆ. ಪ್ರಯೋಗಾಲಯದಲ್ಲಿ ಜರ್ಮನ್ ಮತ್ತು ಏಷ್ಯನ್ ಜಿರಳೆಗಳನ್ನು ಕೂಡಿಸಿದರೆ ಮರಿಗಳಾಗುತ್ತವೆ, ಆ ಮರಿಗಳಿಗೂ ಮರಿಗಳಾಗುತ್ತವೆ. ಅಷ್ಟು ಹತ್ತಿರದ ನೆಂಟರು ಇವರು. ಆದರೆ ಮನೆಯೊಳಗೆ ಇರುವಷ್ಟು ಕಾಲ ಅದಕ್ಕೆ ಹಾರಿ ಸಿಗುವ ಲಾಭ ಏನು? ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗ್ಯಾಸ್ ಸಿಲಿಂಡರ್ ಇದೆ, ದಿನಸಿಯ ರಟ್ಟಿನ ಡಬ್ಬ ಇದೆ, ಬಾಡಿಗೆ ಮನೆ ಬದಲಿಸುವಾಗ ಸಾಮಾನು ಲಾರಿ ಇದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಫ್ರಿಜ್ಜೋ ಓವನ್ನೋ ತರುವಾಗ ಹಿಂದಿನ ಮುಚ್ಚಳ ಬಿಚ್ಚಿಸಿ, ಟಾರ್ಚ್ ಹಾಕಿ ನೋಡಿ ತನ್ನಿ. ರಟ್ಟಿನ ಡಬ್ಬವನ್ನು ಅಡುಗೆಮನೆಗೆ ತರದೆ ಹೊರಗೇ ಖಾಲಿ ಮಾಡಿ.